ಆದೇಶವಿಲ್ಲದ ಕಡಿತ

ಏಪ್ರಿಲ್ ಬಂತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಹಳೆಯ ಮನೆಗಳಲ್ಲಿ ಒಂದು ಸಣ್ಣ ಗಡಿಬಿಡಿ ಶುರುವಾಗುತ್ತದೆ. ತಿಂಗಳು ಮುಗಿಯುವುದರೊಳಗೆ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ. ನಿವೃತ್ತರಾದ ಯಜಮಾನರು ಹೋದ ವರ್ಷದ ರಸೀದಿ ಹುಡುಕಿ ತೆಗೆಯುತ್ತಾರೆ, ಮಗಳೋ ಸೊಸೆಯೋ ಮೊಬೈಲಿನಲ್ಲಿ ಹಣ ಕಟ್ಟುತ್ತಾರೆ, ಹೊಸ ರಸೀದಿ ಕಡತ ಸೇರುತ್ತದೆ. ಆ ರಸೀದಿಯಲ್ಲಿ ಸೆಸ್ ಎಂಬ ಸಾಲೊಂದಿದೆ. ಅದನ್ನು ಬಿಡಿಸಿ ನೋಡುವವರು ಕಡಿಮೆ. ಬಿಡಿಸಿದರೆ ಸಿಗುವ ಲೆಕ್ಕ ಇದು: ನೂರು ರೂಪಾಯಿ ತೆರಿಗೆಯ ಮೇಲೆ ಆರೋಗ್ಯದ ಹೆಸರಿನಲ್ಲಿ 15 ರೂಪಾಯಿ, ಭಿಕ್ಷುಕರ ಪುನರ್ವಸತಿಗೆಂದು 3 ರೂಪಾಯಿ, ಗ್ರಂಥಾಲಯಕ್ಕೆ 6 ರೂಪಾಯಿ. ಹತ್ತು ಸಾವಿರ ತೆರಿಗೆ ಬರುವ ಮನೆಯವರು ವರ್ಷಕ್ಕೆ 600 ರೂಪಾಯಿಯನ್ನು ಗ್ರಂಥಾಲಯಕ್ಕೆಂದು ಕೊಡುತ್ತಿದ್ದಾರೆ. ಪಕ್ಕದ ರಸ್ತೆಯ ಶಾಖಾ ಗ್ರಂಥಾಲಯದ ಮೆಟ್ಟಿಲನ್ನೇ ಅವರು ಹತ್ತಿಲ್ಲದಿರಬಹುದು. ಆದರೂ ಅದನ್ನು ಸಾಕುತ್ತಿರುವವರು ಅವರೇ. ಸಾಕುತ್ತಿದ್ದೇವೆ ಎಂದು ಅವರು ತಿಳಿದಿದ್ದಾರೆ ಎನ್ನುವುದೇ ಸರಿಯೇನೋ.

ಈ ಆರು ರೂಪಾಯಿಯ ಜಾಡು ಹಿಡಿಯುವಂತೆ ಮಾಡಿದ್ದು ದೂರದ ಅಮೆರಿಕದ ಸುದ್ದಿ. 2025ರ ಮಾರ್ಚ್ 14ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಆದೇಶವೊಂದು ಅಲ್ಲಿನ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಸೇವೆಗಳ ಕೇಂದ್ರ ಸಂಸ್ಥೆಯನ್ನು ಕಾನೂನು ಒಪ್ಪುವಷ್ಟರ ಮಟ್ಟಿಗೆ ಕುಗ್ಗಿಸಬೇಕೆಂದು ಹೇಳಿತು. 1996ರಲ್ಲಿ ಹುಟ್ಟಿದ ಆ ಸಂಸ್ಥೆಯ ವಾರ್ಷಿಕ ಬಜೆಟ್ 30 ಕೋಟಿ ಡಾಲರಿಗೂ ಕಡಿಮೆ. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಬದುಕಿರುವುದು ಬಹುಪಾಲು ಸ್ಥಳೀಯ ತೆರಿಗೆಯ ಮೇಲೆ. ಅವುಗಳ ಒಟ್ಟು ಆದಾಯದಲ್ಲಿ ಕೇಂದ್ರದ ನೇರ ಪಾಲು ಶೇ 1ನ್ನೂ ಮುಟ್ಟುವುದಿಲ್ಲ. ಅಷ್ಟು ಸಣ್ಣ ಪಾಲು ಅಲ್ಲಾಡಿದ್ದಕ್ಕೇ ಮಿಸ್ಸಿಸ್ಸಿಪ್ಪಿಯಲ್ಲಿ ಇ-ಪುಸ್ತಕದ ಸೇವೆಯೊಂದು ನಿಂತಿತು, ಸೌತ್ ಡಕೋಟದಲ್ಲಿ ಒಂದು ಊರಿನ ಪುಸ್ತಕವನ್ನು ಇನ್ನೊಂದು ಊರಿನ ಓದುಗರಿಗೆ ತರಿಸಿಕೊಡುವ ವ್ಯವಸ್ಥೆ ಸ್ಥಗಿತವಾಯಿತು, ಮೇನ್ ರಾಜ್ಯ ಗ್ರಂಥಾಲಯದ ಕೆಲವು ಸಿಬ್ಬಂದಿಯನ್ನು ಮನೆಗೆ ಕಳಿಸಬೇಕಾಯಿತು. ಕೇಂದ್ರದ ಹಣ ಅಲ್ಲಿ ಗೋಡೆ, ಸೂರು ಆಗಿರಲಿಲ್ಲ. ಇಟ್ಟಿಗೆಗಳ ನಡುವಿನ ಗಾರೆಯಾಗಿತ್ತು. ಗಾರೆ ಉದುರಿದಾಗ ಮೊದಲು ತೊಂದರೆಗೆ ಸಿಕ್ಕಿದ್ದು ದೊಡ್ಡ ನಗರಗಳಲ್ಲ, ಸ್ವಂತ ಬಲವಿಲ್ಲದ ಸಣ್ಣ ಊರುಗಳು.

ಆ ಕಥೆಗೆ ಎರಡನೇ ಭಾಗವೂ ಇದೆ. 21 ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ಮೇ ತಿಂಗಳಲ್ಲಿ ರೋಡ್ ಐಲೆಂಡಿನ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಅಲ್ಲಿ ಹೀಗೆ ಜಗಳವಾಡಲು ಸಾಧ್ಯವಾದದ್ದಕ್ಕೆ ಒಂದು ಸರಳ ಕಾರಣವಿದೆ. ಕಡಿತಕ್ಕೆ ಒಂದು ದಿನಾಂಕವಿತ್ತು, ಒಂದು ಸಹಿಯಿತ್ತು, ಒಂದು ಕಾಗದವಿತ್ತು. ನಮ್ಮ ಊರಿನ ವಿಷಯಕ್ಕೆ ಬರುವಾಗ ಈ ಕಾಗದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ದೆಹಲಿ ನಾಳೆ ಗ್ರಂಥಾಲಯಗಳಿಂದ ಕೈ ಹಿಂದೆಗೆದುಕೊಂಡರೆ ಜಯನಗರದ ಓದುಗನಿಗೆ ಏನಾಗುತ್ತದೆ? ಮೊದಲಿಗೆ ದೆಹಲಿಯ ಕೈ ಎಷ್ಟು ಉದ್ದವಿದೆ ಎಂದು ನೋಡೋಣ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಗ್ರಂಥಾಲಯಗಳು ಇರುವುದು ರಾಜ್ಯಪಟ್ಟಿಯಲ್ಲಿ. ಕೇಂದ್ರದ ನೆರವು ಮುಖ್ಯವಾಗಿ ಬರುವುದು ಕೋಲ್ಕತ್ತದಲ್ಲಿರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಮೂಲಕ. ರಾಮಮೋಹನ ರಾಯರ ಇನ್ನೂರನೇ ಜನ್ಮವರ್ಷವಾದ 1972ರಲ್ಲಿ ಸ್ಥಾಪನೆಯಾದ ಈ ಪ್ರತಿಷ್ಠಾನ ಕೇಂದ್ರದ ಸಂಸ್ಕೃತಿ ಸಚಿವಾಲಯದ ಅಡಿಯಲ್ಲಿದೆ. ಅದರ ನೆರವಿನಲ್ಲಿ ಎರಡು ಬಗೆ. ಒಂದು, ರಾಜ್ಯ ತನ್ನ ಪಾಲು ಹಾಕಿದರೆ ಅದಕ್ಕೆ ತಕ್ಕಂತೆ ಪ್ರತಿಷ್ಠಾನವೂ ಹಾಕಿ ಪುಸ್ತಕ, ಕಪಾಟು, ಕಟ್ಟಡಕ್ಕೆ ಕೊಡುವುದು. ಇನ್ನೊಂದು, ಮಕ್ಕಳ ವಿಭಾಗ, ಹಿರಿಯ ನಾಗರಿಕರ ವಿಭಾಗ, ಅಂಗವಿಕಲರಿಗೆ ಬೇಕಾದ ಸೌಲಭ್ಯಗಳಂಥ ನಿರ್ದಿಷ್ಟ ಕೆಲಸಕ್ಕೆ ನೇರವಾಗಿ ಕೊಡುವುದು. ಇದು ನಿಂತರೆ ಜಯನಗರದ ದಕ್ಷಿಣ ವಲಯದ ನಗರ ಕೇಂದ್ರ ಗ್ರಂಥಾಲಯಕ್ಕಾಗಲಿ ಅದರ ಶಾಖೆಗಳಿಗಾಗಲಿ ಬೀಗ ಬೀಳುವುದಿಲ್ಲ. ಮಕ್ಕಳ ಮೂಲೆಗೆ ಬರಬೇಕಿದ್ದ ಹೊಸ ಪುಸ್ತಕ ಬರುವುದಿಲ್ಲ, ಕಣ್ಣು ಕಾಣದವರಿಗೆ ಬೇಕಾದ ಸಲಕರಣೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಎಲ್ಲರಿಗಿಂತ ಮೊದಲು ಇಲ್ಲವಾಗುವುದು ಗಟ್ಟಿಯಾಗಿ ಕೇಳಲಾರದವರ ಸೌಲಭ್ಯ. ಅಮೆರಿಕದಲ್ಲಿ ಕಂಡ ಗಾರೆಯ ಮಾತು ಇಲ್ಲಿಗೂ ಸಲ್ಲುತ್ತದೆ.

ಆದರೆ ಈ ಪಾಲುಗಾರಿಕೆಯ ಒಳಗೊಂದು ಸೂಕ್ಷ್ಮವಿದೆ. ರಾಜ್ಯ ಹಾಕಿದ್ದಕ್ಕೆ ತಕ್ಕಷ್ಟು ಕೇಂದ್ರ ಹಾಕುತ್ತದೆ ಎಂದಾದರೆ, ಇಲ್ಲಿ ಒಂದು ರೂಪಾಯಿ ಕಡಿಮೆಯಾದಾಗ ಅಲ್ಲಿಯದೂ ಕಡಿಮೆಯಾಗುತ್ತದೆ. ದೆಹಲಿ ಕಡಿತ ಮಾಡಲೇಬೇಕೆಂದಿಲ್ಲ. ನಮ್ಮ ಜೇಬಿನ ತೂತೇ ದೆಹಲಿಯ ಹಣವನ್ನೂ ಸೋರಿಸಬಲ್ಲದು. ಹಾಗಾಗಿ ನೋಡಬೇಕಾದದ್ದು ನಮ್ಮ ಜೇಬನ್ನು.

ಆ ಜೇಬನ್ನು ಹೊಲಿದವರು ಮುಂದಾಲೋಚನೆಯವರು. ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಮರುವರ್ಷ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಗ್ರಂಥಾಲಯ ಇಲಾಖೆ ಕೆಲಸ ಶುರುಮಾಡಿತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ಇದ್ದರು. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಗ್ರಂಥಾಲಯಕ್ಕೆ ಕಾಯ್ದೆ ಬೇಕು, ಕಾಯ್ದೆಯಲ್ಲಿ ಹಣದ ಖಚಿತ ಮೂಲವಿರಬೇಕು ಎಂಬುದು ಅವರು ಜೀವಮಾನವಿಡೀ ಹಿಡಿದ ಪಟ್ಟು. 1948ರ ಮದ್ರಾಸ್ ಕಾಯ್ದೆಯ ಹಿಂದೆಯೂ ಅವರೇ ಇದ್ದರು. ನಮ್ಮ ಕಾಯ್ದೆಯೂ ಅದೇ ದಾರಿ ಹಿಡಿದು ಸ್ಥಳೀಯ ತೆರಿಗೆಯ ಮೇಲೆ ಗ್ರಂಥಾಲಯ ಸೆಸ್ ವಿಧಿಸಿತು. ಇದರ ತರ್ಕ ಸ್ಪಷ್ಟ. ಬಜೆಟ್ ಬರೆಯುವಾಗ ರಸ್ತೆ, ನೀರು, ಆಸ್ಪತ್ರೆಗಳ ಎದುರು ಪುಸ್ತಕ ಯಾವತ್ತೂ ಸೋಲುತ್ತದೆ. ಹಾಗೆ ವರ್ಷ ವರ್ಷವೂ ಸ್ಪರ್ಧೆಗೆ ನಿಲ್ಲಿಸಬಾರದೆಂದೇ ಅದರ ಹಣವನ್ನು ಬೇರೆಯಾಗಿ ಕಟ್ಟಿಟ್ಟರು. ಊರು ಬೆಳೆದಂತೆ ಮನೆಗಳು ಹೆಚ್ಚುತ್ತವೆ, ತೆರಿಗೆ ಹೆಚ್ಚುತ್ತದೆ, ಗ್ರಂಥಾಲಯದ ಪಾಲೂ ತಾನಾಗಿ ಹೆಚ್ಚುತ್ತದೆ. 1960ರ ದಶಕದಲ್ಲಿ ಹೊಲಗದ್ದೆಯಾಗಿದ್ದ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಬಿಟಿಎಂ ಲೇಔಟ್ ಎಂಬ ಮೂರು ಅಕ್ಷರವಾಗಿ ಲಕ್ಷಾಂತರ ಜನರನ್ನು ತುಂಬಿಕೊಳ್ಳುತ್ತವೆ ಎಂದು ಆ ಕಾಯ್ದೆ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಅಂಥ ಬೆಳವಣಿಗೆಗೆ ಜಾಗವಿಟ್ಟೇ ಬರೆದಿದ್ದರು.

ಈಗ ಲೆಕ್ಕ ಹಾಕಿ. 2021-22ರಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಆಸ್ತಿ ತೆರಿಗೆ ಸಂಗ್ರಹ ವರ್ಷಕ್ಕೆ 3,000 ಕೋಟಿ ರೂಪಾಯಿ ದಾಟಿದೆ. ಆ ಮೊತ್ತದಲ್ಲಿ ಎಲ್ಲ ಸೆಸ್ಸುಗಳೂ ಸೇರಿವೆ ಎಂದೇ ಹಿಡಿದರೂ ಗ್ರಂಥಾಲಯದ ಪಾಲು ಸುಮಾರು 145 ಕೋಟಿ. ಒಂದು ನಗರದ ಗ್ರಂಥಾಲಯಗಳಿಗೆ ಪ್ರತಿವರ್ಷ ಇಷ್ಟು ಹಣ ಬಂದರೆ ಆ ನಗರದ ವಾಚನಾಲಯಗಳು ಹೇಗಿರಬೇಕು ಎಂದು ಊಹಿಸಿಕೊಂಡು, ನಿಮ್ಮ ಬಡಾವಣೆಯ ಶಾಖೆಗೆ ಒಮ್ಮೆ ಹೋಗಿ ಬನ್ನಿ. ಊಹೆಗೂ ಕಣ್ಣಿಗೆ ಕಾಣುವುದಕ್ಕೂ ನಡುವಿನ ಅಂತರದಲ್ಲೇ ಈ ಲೇಖನದ ವಿಷಯವಿದೆ. ಪಾಲಿಕೆ ವಸೂಲು ಮಾಡಿದ ಗ್ರಂಥಾಲಯ ಸೆಸ್ಸಿನಲ್ಲಿ ನೂರಾರು ಕೋಟಿ ರೂಪಾಯಿ ಗ್ರಂಥಾಲಯಗಳಿಗೆ ಸಂದಾಯವಾಗದೆ ಬಾಕಿ ಉಳಿದಿರುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ಓದುಗ ಕೊಟ್ಟಿದ್ದಾನೆ, ಪಾಲಿಕೆ ಪಡೆದಿದೆ, ಗ್ರಂಥಾಲಯಕ್ಕೆ ತಲುಪಿಲ್ಲ. ಇದನ್ನು ಕಡಿತ ಎನ್ನದೆ ಏನೆನ್ನಬೇಕು? ಆದರೆ ಇದಕ್ಕೆ ದಿನಾಂಕವಿಲ್ಲ, ಸಹಿಯಿಲ್ಲ. ಸೆಸ್ ರದ್ದು ಎಂದು ಯಾರೂ ಆದೇಶ ಹೊರಡಿಸಿಲ್ಲ. ಹಾಗೆ ಹೊರಡಿಸಿದ್ದರೆ ಕಟ್ಟುವ ನಮಗಾದರೂ ಉಳಿತಾಯವಾಗುತ್ತಿತ್ತು.

ಇದರ ವ್ಯಂಗ್ಯ ಇನ್ನೂ ಒಂದು ಮೆಟ್ಟಿಲು ಮೇಲಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ, ಸಚಿವರು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ಆಗ ಮನೆಮಾತಾಯಿತು. ಆ ದೂರಿನಲ್ಲಿ ಹುರುಳಿತ್ತು. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಿತ್ತು. ಜೊತೆಗೆ, ಕೇಂದ್ರ ವಿಧಿಸುವ ಸೆಸ್ ಮತ್ತು ಸರ್‌ಚಾರ್ಜುಗಳನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಿಲ್ಲ ಎಂಬುದೂ ನಮ್ಮ ಸರ್ಕಾರಗಳ ಹಳೆಯ ಅಸಮಾಧಾನ. ಒಂದು ಕೆಲಸದ ಹೆಸರು ಹೇಳಿ ಹಣ ಎತ್ತುತ್ತಾರೆ, ಅದು ಎಲ್ಲಿ ಹೋಗುತ್ತದೆ ತಿಳಿಯುವುದಿಲ್ಲ, ನಮ್ಮ ಪಾಲು ನಮಗೆ ಬರುವುದಿಲ್ಲ: ಈ ವಾಕ್ಯವನ್ನು ಬೆಂಗಳೂರು ದೆಹಲಿಗೆ ಹೇಳುತ್ತದೆ. ಇದೇ ವಾಕ್ಯವನ್ನು ಬನಶಂಕರಿಯ ಗ್ರಂಥಾಲಯ ಬೆಂಗಳೂರಿಗೆ ಹೇಳಬಹುದು, ಒಂದಕ್ಷರವನ್ನೂ ಬದಲಿಸದೆ. ಒಕ್ಕೂಟ ನ್ಯಾಯದ ಮಾತು ವಿಧಾನಸೌಧದ ಮೆಟ್ಟಿಲಲ್ಲಿ ನಿಂತುಬಿಡಬಾರದು. ಅದು ಪಾಲಿಕೆಯ ಕಚೇರಿ ದಾಟಿ, ಬಡಾವಣೆಯ ವಾಚನಾಲಯದ ತನಕ ಇಳಿದು ಬರಬೇಕು. ಇಳಿಯದಿದ್ದರೆ ಅದು ಮೇಲಿನವರೊಡನೆ ಆಡುವ ಮಾತಷ್ಟೇ, ತತ್ವವಲ್ಲ.

ಹಣ ಬಾರದಿದ್ದರೆ ಗ್ರಂಥಾಲಯ ಒಮ್ಮೆಗೇ ಮುಚ್ಚುವುದಿಲ್ಲ. ಅದೇ ತೊಡಕು. ಸಿಬ್ಬಂದಿಯ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ, ಹಾಗಾಗಿ ಬಾಗಿಲು ತೆರೆಯುತ್ತದೆ. ಖಾಲಿಯಾದ ಹುದ್ದೆ ಖಾಲಿಯೇ ಉಳಿಯುತ್ತದೆ. ಪತ್ರಿಕೆಗಳು ಐದಿದ್ದದ್ದು ಮೂರಾಗುತ್ತವೆ. ಹರಿದ ನಿಘಂಟಿಗೆ ಬದಲಿ ಬರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಮೂರು ವರ್ಷ ಹಳೆಯವಾಗುತ್ತವೆ. ಫ್ಯಾನು ಸದ್ದು ಮಾಡುತ್ತದೆ, ಶೌಚಾಲಯಕ್ಕೆ ಬೀಗ ಬೀಳುತ್ತದೆ. ಶೌಚಾಲಯಕ್ಕೆ ಬೀಗ ಬಿದ್ದ ದಿನ ಹೆಣ್ಣುಮಕ್ಕಳು ಬರುವುದು ನಿಲ್ಲಿಸುತ್ತಾರೆ; ಅವರು ನಿಂತದ್ದನ್ನು ಯಾವ ರಿಜಿಸ್ಟರೂ ಬರೆದುಕೊಳ್ಳುವುದಿಲ್ಲ. ಕೊನೆಗೆ ಉಳಿಯುವುದು ಬೆಳಗಿನ ಪತ್ರಿಕೆಗೆ ಬರುವ ನಾಲ್ಕು ಹಿರಿಯರು. ಆಗ ಯಾರೋ ಬಂದು ಹೇಳುತ್ತಾರೆ: ನೋಡಿ, ಈಗಿನವರು ಓದುವುದಿಲ್ಲ, ಇದಕ್ಕೇಕೆ ಹಣ? ನೀರು ಹಾಕದೆ ಒಣಗಿಸಿದ ಗಿಡವನ್ನು ತೋರಿಸಿ, ಈ ಗಿಡಕ್ಕೆ ನೀರೇ ಬೇಡ ಎನ್ನುವ ವಾದ ಇದು. ರಂಗನಾಥನ್ ತಮ್ಮ ಪ್ರಸಿದ್ಧ ಐದು ಸೂತ್ರಗಳ ಕೊನೆಯದರಲ್ಲಿ ಗ್ರಂಥಾಲಯವನ್ನು ಜೀವಿಗೆ ಹೋಲಿಸಿದ್ದು ಅಲಂಕಾರಕ್ಕಲ್ಲ. ಜೀವಿ ಹಸಿವಿನಿಂದಲೂ ಸಾಯುತ್ತದೆ.

ಈ ಹಸಿವು ಗ್ರಂಥಾಲಯದಲ್ಲೇ ಮುಗಿಯುವುದೂ ಇಲ್ಲ. ಕನ್ನಡದಲ್ಲಿ ಒಂದು ಕಥಾಸಂಕಲನವೋ ಸಂಶೋಧನಾ ಗ್ರಂಥವೋ ಅಚ್ಚಾಗುವುದು ಐನೂರೋ ಸಾವಿರವೋ ಪ್ರತಿ. ಇಲಾಖೆ ಸಗಟು ಖರೀದಿಯಲ್ಲಿ ಕೊಳ್ಳುವ 300 ಪ್ರತಿಯೇ ಎಷ್ಟೋ ಪ್ರಕಾಶಕರಿಗೆ ಅಚ್ಚಿನ ಖರ್ಚು ಹುಟ್ಟಿಸಿಕೊಡುವ ಆಧಾರ. ಆಯ್ಕೆ ತಡವಾದರೆ, ಬಿಲ್ಲು ತಡವಾದರೆ, ಪುಟಕ್ಕಿಷ್ಟು ಎಂದು ನಿಗದಿ ಮಾಡಿದ ದರ ಕಾಗದದ ಬೆಲೆಯ ಹಿಂದೆ ಬಿದ್ದರೆ, ಹೊಸ ಲೇಖಕಿಯ ಮೊದಲ ಪುಸ್ತಕ ಹೊರಬರುವುದೇ ಇಲ್ಲ. ಗಾಂಧಿ ಬಜಾರಿನ ಪುಸ್ತಕದಂಗಡಿಯಲ್ಲಿ ಕನ್ನಡ ಉಳಿಯಬೇಕು ಎಂದು ಮಾತಾಡುವ ನಾವು, ಕನ್ನಡ ಪುಸ್ತಕದ ಅತಿ ದೊಡ್ಡ ಗಿರಾಕಿ ನಮ್ಮದೇ ಆರು ರೂಪಾಯಿ ಎಂಬುದನ್ನು ಮರೆತಿದ್ದೇವೆ.

ಇಷ್ಟಕ್ಕೆ ಕೆಲವರ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ.

ಮೊದಲನೆಯದು, ಎಲ್ಲವೂ ಮೊಬೈಲಿಗೆ ಬಂದಿರುವಾಗ ಕಟ್ಟಡವೇಕೆ ಎಂಬುದು. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು, ಒಳ್ಳೆಯ ಕೆಲಸ. ಆದರೆ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ಮೂವರ ಜೊತೆ ಕೋಣೆ ಹಂಚಿಕೊಂಡಿರುವ ರಾಯಚೂರಿನ ಹುಡುಗನಿಗೆ ಕೊರತೆ ಇರುವುದು ಪಿಡಿಎಫ್‌ಗಲ್ಲ; ಒಂದು ಮೇಜಿಗೆ, ಒಂದು ದೀಪಕ್ಕೆ, ನಾಲ್ಕು ಗಂಟೆಯ ನಿಶ್ಶಬ್ದಕ್ಕೆ. ಇದಕ್ಕೆ ಸಾಕ್ಷಿ ಮಾರುಕಟ್ಟೆಯೇ. ತಿಂಗಳ ಬಾಡಿಗೆಗೆ ಕುರ್ಚಿ-ಮೇಜು ಕೊಡುವ ಖಾಸಗಿ ‘ಸ್ಟಡಿ ರೂಮು’ಗಳು ಊರ ತುಂಬ ತಲೆಯೆತ್ತಿವೆ. ಓದುವ ಜಾಗಕ್ಕೆ ಬೇಡಿಕೆ ಇಲ್ಲದಿದ್ದರೆ ಅವು ಏಕೆ ಬರುತ್ತಿದ್ದವು? ನಾವು ತೆರಿಗೆಯಲ್ಲಿ ಒಮ್ಮೆ ಕೊಟ್ಟ ಜಾಗಕ್ಕೆ ಆ ಹುಡುಗ ಬಾಡಿಗೆಯ ರೂಪದಲ್ಲಿ ಎರಡನೇ ಸಲ ಕೊಡುತ್ತಿದ್ದಾನೆ.

ಎರಡನೆಯದು, ಬೆಂಗಳೂರಿನಲ್ಲಿ ದಾನಿಗಳಿಗೆ ಬರವೇ ಎಂಬುದು. ಬರವಿಲ್ಲ. ದಕ್ಷಿಣ ಬೆಂಗಳೂರಿನ ಹಿರಿಮೆಯೇ ಅದು. 1945ರಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ ವಿಶ್ವ ಸಂಸ್ಕೃತಿ ಸಂಸ್ಥೆಯನ್ನು ಆರಂಭಿಸಿದರು. ಎರಡೂ ಕಡೆಯ ಪುಸ್ತಕ ಭಂಡಾರಗಳಲ್ಲಿ ಓದಿ ಬೆಳೆದವರು ಈ ಭಾಗದಲ್ಲಿ ಮನೆಮನೆಗೂ ಸಿಗುತ್ತಾರೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಒಬ್ಬರೇ ಲಕ್ಷಾಂತರ ಪುಸ್ತಕ ಕೂಡಿಹಾಕಿ ಪುಸ್ತಕದ ಮನೆ ಕಟ್ಟಿದರು. ಇವರೆಲ್ಲರಿಗೂ ನಮಸ್ಕಾರ. ಆದರೆ ದಾನದ ಗ್ರಂಥಾಲಯ ದಾನಿ ಇದ್ದ ಕಡೆ ಏಳುತ್ತದೆ. ಸಾರ್ವಜನಿಕ ಗ್ರಂಥಾಲಯ ಓದುಗ ಇರುವ ಕಡೆ ಏಳಬೇಕು. ಬಸವನಗುಡಿಗೆ ಎರಡು ಸಂಸ್ಥೆಗಳು ಒಂದೇ ವರ್ಷ ದಕ್ಕಿದವು. ಜೆ.ಪಿ. ನಗರದ ಕೊನೆಯ ಹಂತಗಳಿಗೆ, ಬನಶಂಕರಿಯ ಹೊಸ ಬಡಾವಣೆಗಳಿಗೆ ಡಿವಿಜಿಯಂಥವರು ಹುಟ್ಟಿ ಬರಲಿ ಎಂದು ಕಾಯುತ್ತ ಕೂರಲಾಗದು. ಅದಕ್ಕೇ ಕಾಯ್ದೆ.

ಮೂರನೆಯದು, ಸರ್ಕಾರಿ ಗ್ರಂಥಾಲಯಕ್ಕೆ ಹಣ ಸುರಿದರೂ ಅದು ಏಳುವುದಿಲ್ಲ ಎಂಬ ಹತಾಶೆ. ಇದಕ್ಕೆ ಉತ್ತರ ಹಳ್ಳಿಯಲ್ಲಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು. ಪಂಚಾಯಿತಿಯ ಹಣ ಪಂಚಾಯಿತಿಯ ಗ್ರಂಥಾಲಯಕ್ಕೆ ಹರಿಯಿತು, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಕಂಪ್ಯೂಟರ್ ಬಂತು, ಹೆಸರು ಅರಿವು ಕೇಂದ್ರವಾಯಿತು. ಎಲ್ಲವೂ ಪರಿಪೂರ್ಣವೆಂದಲ್ಲ. ಆದರೆ ಹಣ ಮತ್ತು ಹೊಣೆ ಒಂದೇ ಕೈಯಲ್ಲಿದ್ದರೆ ಮಲಗಿದ ಗ್ರಂಥಾಲಯ ಎದ್ದು ಕೂರುತ್ತದೆ ಎಂಬುದು ಸಾಬೀತಾಯಿತು. ನಗರದಲ್ಲಿ ಹಣ ಪಾಲಿಕೆಯ ಕೈಯಲ್ಲಿ, ಹೊಣೆ ಇಲಾಖೆಯ ತಲೆಯ ಮೇಲೆ. ಕೊಡಬೇಕಾದವರಿಗೆ ಗ್ರಂಥಾಲಯ ತಮ್ಮದಲ್ಲ, ನಡೆಸುವವರಿಗೆ ಹಣ ತಮ್ಮದಲ್ಲ. ರೋಗ ಇರುವುದು ಈ ನಡುವಿನ ಸಂದಿಯಲ್ಲಿ.

ಈ ಸಂದಿಯನ್ನು ಮುಚ್ಚಲು ಈಗ ಒಂದು ಅವಕಾಶವಿದೆ. ಬಿಬಿಎಂಪಿ ಎಂಬ ಒಂದೇ ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳು ಬಂದಿವೆ. ಬೆಂಗಳೂರು ದಕ್ಷಿಣ ಅವುಗಳಲ್ಲೊಂದು. ಹೊಸ ಮನೆಗೆ ಹೋಗುವಾಗ ಹಳೆಯ ಸಾಲ ಯಾರ ಲೆಕ್ಕಕ್ಕೆ ಎಂದು ಕೇಳುವುದು ವಾಡಿಕೆ. ಬಾಕಿ ಸೆಸ್ಸನ್ನು ಈ ಐವರಲ್ಲಿ ಯಾರು ಎಷ್ಟು ಹೊರುತ್ತಾರೆ ಎಂಬುದು ಬರವಣಿಗೆಯಲ್ಲಿ ಹೊರಬರಬೇಕು. ಇಲ್ಲದಿದ್ದರೆ ಒಬ್ಬರ ಕಡೆ ಇನ್ನೊಬ್ಬರು ಕೈತೋರುವಷ್ಟರಲ್ಲಿ ಅದು ಗಾಳಿಗೆ ಹೋಗುತ್ತದೆ. ಇನ್ನು ಮುಂದಿನ ಹಣದ ಮಾತು. ಆಸ್ತಿ ತೆರಿಗೆಯನ್ನು ಈಗ ಬಹುತೇಕ ಎಲ್ಲರೂ ಆನ್‌ಲೈನಿನಲ್ಲೇ ಕಟ್ಟುತ್ತಾರೆ. ನಾವು ಕಟ್ಟಿದ ಕ್ಷಣದಲ್ಲೇ ಗ್ರಂಥಾಲಯದ ಪಾಲು ಪಾಲಿಕೆಯ ಖಾತೆಯನ್ನು ಮುಟ್ಟದೆ ಗ್ರಂಥಾಲಯ ನಿಧಿಗೆ ಹೋಗುವಂತೆ ಮಾಡುವುದು ಈ ಊರಿನ ಯಾವುದೇ ಸಾಫ್ಟ್‌ವೇರ್ ಹುಡುಗಿಗೆ ಒಂದು ವಾರದ ಕೆಲಸ. ಬೇಕಾದದ್ದು ತಂತ್ರಜ್ಞಾನವಲ್ಲ, ಮನಸ್ಸು. ಮೂರನೆಯದಾಗಿ, ಕಾಯ್ದೆ ಹೇಳುವ ನಗರ ಗ್ರಂಥಾಲಯ ಪ್ರಾಧಿಕಾರ ಜೀವಂತವಾಗಿ ಸೇರಬೇಕು, ಅದರಲ್ಲಿ ಓದುಗರೂ ಕೂರಬೇಕು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ವಾಚನಾಲಯದ ಸೂರು ಸೋರಿದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯದ ಕಾಲವದು. ಹಣ ಸೋರುವುದಕ್ಕೂ ಕೇಳುವವರಿಲ್ಲದಿರುವುದಕ್ಕೂ ನಂಟಿದೆ.

ದೆಹಲಿಯೊಡನೆಯೂ ಕೇಳಬೇಕಾದದ್ದಿದೆ. 2023ರ ಕೇಂದ್ರ ಬಜೆಟ್ ಮಕ್ಕಳು ಮತ್ತು ಹದಿಹರೆಯದವರಿಗಾಗಿ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಘೋಷಿಸಿ, ಪಂಚಾಯಿತಿ ಮತ್ತು ವಾರ್ಡ್ ಮಟ್ಟದಲ್ಲಿ ಗ್ರಂಥಾಲಯ ಕಟ್ಟಲು ರಾಜ್ಯಗಳನ್ನು ಪ್ರೋತ್ಸಾಹಿಸುವುದಾಗಿ ಹೇಳಿತು. ಪ್ರೋತ್ಸಾಹ ಎಂದರೆ ಎಷ್ಟು ರೂಪಾಯಿ ಎಂದು ಕೇಳುವ ಹಕ್ಕು ರಾಜ್ಯಕ್ಕಿದೆ. ಆದರೆ ತಾನು ವಸೂಲು ಮಾಡಿದ್ದನ್ನು ತಲುಪಿಸಿದ ಮೇಲೆ ಆ ಪ್ರಶ್ನೆಗೆ ಬರುವ ತೂಕವೇ ಬೇರೆ.

ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ರಸೀದಿ ಬರುತ್ತದೆ. ಅದರಲ್ಲಿ ಸೆಸ್ ಎಂಬ ಒಂದೇ ಸಾಲಿನ ಬದಲು ಗ್ರಂಥಾಲಯದ ಪಾಲನ್ನು ಬೇರೆಯಾಗಿ ಅಚ್ಚು ಮಾಡಿ, ಅದು ಸಂದಾಯವಾದ ದಿನಾಂಕವನ್ನೂ ಪಕ್ಕದಲ್ಲಿ ಬರೆಯಬೇಕೆಂದು ಕೇಳೋಣ. ತೀರ ಸಣ್ಣ ಬೇಡಿಕೆ ಅನ್ನಿಸಬಹುದು. ಅಮೆರಿಕದ ರಾಜ್ಯಗಳಿಗೆ ನ್ಯಾಯಾಲಯದಲ್ಲಿ ನಿಲ್ಲಲು ಸಾಧ್ಯವಾದದ್ದು ಕೈಯಲ್ಲೊಂದು ಕಾಗದವಿದ್ದುದರಿಂದ. ನಮಗೂ ಬೇಕಿರುವುದು ಅಂಥದೊಂದು ಕಾಗದ. ದಿನಾಂಕದ ಜಾಗ ಖಾಲಿ ಬಿದ್ದಿದ್ದರೆ ಆ ಖಾಲಿಯೇ ನಮಗೆ ಸಿಕ್ಕ ಆದೇಶ. ಆಗ ಅದನ್ನು ಹಿಡಿದು ಯಾರ ಮುಂದೆ ಬೇಕಾದರೂ ನಿಲ್ಲಬಹುದು.